ಪೊಟ್ಟಣದ ಬೆನ್ನಿನ ಬರಹ

ಪೊಟ್ಟಣ ಕಟ್ಟಿ ಮಾರುವ ತಿಂಡಿತೀರ್ಥಗಳ ಮೇಲೆ ಅಚ್ಚಾಗಿರುವ ಪೋಷಕಾಂಶಗಳ ಪಟ್ಟಿಯ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿ ಎರಡು ಪಕ್ಷಗಳು ಏರ್ಪಟ್ಟಿವೆ. ಒಂದು ಪಕ್ಷದವರು ಅದನ್ನು ಪರದೇಶದಿಂದ ಬಂದ ಗೀಳೆಂದು ತಳ್ಳಿಹಾಕುವರು. “ಅಜ್ಜಿಯ ಕಾಲದಲ್ಲಿ ಯಾವ ಲೇಬಲು ಇದ್ದಿತು? ಆಕೆ ತೊಂಬತ್ತು ವರ್ಷ ಬಾಳಲಿಲ್ಲವೆ?” ಎಂಬುದೇ ಅವರ ವಾದಸರ್ವಸ್ವ. ಇನ್ನೊಂದು ಪಕ್ಷದವರು ಅದನ್ನು ವೇದವಾಕ್ಯವೆಂದು ಬಗೆದು, ಕನ್ನಡಕವನ್ನು ಮೂಗಿಗೇರಿಸಿ ಅಂಗಡಿಯ ಮುಂದೆಯೇ ಕ್ಯಾಲೊರಿಗಳನ್ನು ಕೂಡಿ ಕಳೆದು, ಮನೆಗೆ ಬಂದು ಅಡುಗೆಮನೆಯವರಿಗೆ ಉಪದೇಶವನ್ನು ಮಾಡುವರು. ಈ ಇಬ್ಬರ ಜಗಳದ ಗದ್ದಲದಲ್ಲಿ ಮೂರನೆಯವನೊಬ್ಬನು ಸದ್ದಿಲ್ಲದೆ ಲಾಭ ಪಡೆಯುತ್ತಿರುವನು. ಅವನು ಪೊಟ್ಟಣ ಕಟ್ಟಿ ಮಾರುವವನು. “ಬರೆಯಬೇಕೆಂದು ಕಾನೂನು ಹೇಳಿತು, ಬರೆದಿದ್ದೇವೆ. ಓದದೆ ತಿಂದರೆ ಹೊಣೆ ತಿಂದವರದು” ಎಂದು ಅವನ ವಾದ. ಮೇಲಿನ ಇಬ್ಬರಿಗೂ ಒಂದೊಂದು ಮಾತಿನ ಉತ್ತರ ಸಾಕು. ವಿಚಾರಮಾಡಬೇಕಾದುದು ಈ ಮೂರನೆಯ ವಾದವನ್ನು.

ಮೊದಲು ಅಜ್ಜಿಯ ಮಾತು. ಆಕೆಗೆ ಲೇಬಲು ಬೇಕಿರಲಿಲ್ಲವೆಂಬುದು ನಿಜವೇ. ಏಕೆಂದರೆ ಆಕೆಗೆ ಪ್ರತ್ಯಕ್ಷವಿದ್ದಿತು. ರಾಗಿ ಯಾವ ಹೊಲದ್ದೆಂದು ಆಕೆ ಬಲ್ಲಳು. ಬೀಸುವ ಕಲ್ಲಿನ ಮುಂದೆ ಕುಳಿತವಳು ಆಕೆಯೇ. ಗಾಣದಿಂದ ಬಂದ ಎಣ್ಣೆಯನ್ನು ಅಂಗೈಗೆ ತೊಟ್ಟು ಹಾಕಿಕೊಂಡು ಮೂಸಿ ನೋಡಿದವಳೂ ಆಕೆಯೇ. ಚಕ್ಕುಲಿಯ ಹಿಟ್ಟಿಗೆ ಎಷ್ಟು ಉಪ್ಪು ಬಿದ್ದಿತೆಂಬುದು ಆಕೆಯ ಕೈಗೇ ಗೊತ್ತಿದ್ದಿತು. ಪ್ರತ್ಯಕ್ಷವಿರುವಲ್ಲಿ ಬೇರೆಯವರ ಮಾತಿನ ಪ್ರಮಾಣವನ್ನು ಯಾರೂ ಹುಡುಕಲಾರರು. ಈಗ ಮಕ್ಕಳ ಕೈಗೆ ಬರುವ ಕುರುಕಲು ತಿಂಡಿಯಾದರೋ, ಎಲ್ಲಿಯೋ ನೂರಾರು ಹರದಾರಿಯ ಆಚೆ ಹುಟ್ಟಿ, ಬೆಳ್ಳಿಯಂತೆ ಹೊಳೆಯುವ ಚೀಲದೊಳಗೆ ಅರ್ಧ ಗಾಳಿ ತುಂಬಿಸಿಕೊಂಡು ಬರುವುದು. ಅದರೊಳಗೆ ಏನಿದೆಯೆಂಬುದನ್ನು ಕಣ್ಣೂ ಮೂಗೂ ನಾಲಗೆಯೂ ಹೇಳಲಾರವು. ನಾಲಗೆಯಂತೂ ಅದನ್ನು ತಯಾರಿಸಿದವನ ಕಡೆಗೇ ಸೇರಿಕೊಂಡುಬಿಟ್ಟಿರುತ್ತದೆ. ಇದಲ್ಲದೆ, ತೊಂಬತ್ತು ಬಾಳಿದ ಅಜ್ಜಿಯನ್ನು ಎಣಿಸುವವರು ಐವತ್ತಕ್ಕೇ ತೀರಿಹೋದ ಅಜ್ಜನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಮನೆಯ ಉಪ್ಪಿನಕಾಯಿಯಲ್ಲಿಯೂ ಹಪ್ಪಳದಲ್ಲಿಯೂ ಉಪ್ಪು ಕಡಿಮೆಯಿದ್ದಿತೆಂದು ಆಣೆಯಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಾರದು.

ಇನ್ನು ಲೇಬಲನ್ನು ವೇದವಾಕ್ಯವೆನ್ನುವವರಿಗೆ ಉತ್ತರ ಹೇಳಬೇಕಾದರೆ ಅದರ ಗುಣವನ್ನು ಮೊದಲು ಒಪ್ಪಿಕೊಂಡು ಮುಂದುವರಿಯಬೇಕು. ಈ ದೇಶದಲ್ಲಿ ಆಹಾರದ ಕಲಬೆರಕೆಯನ್ನು ತಡೆಯುವ ಕಾಯಿದೆ 1954ರಲ್ಲಿ ಬಂದಿತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತಾ ಕಾಯಿದೆಯೂ, ಅದರ ಮೇರೆಗೆ ಒಂದು ಪ್ರಾಧಿಕಾರವೂ ಏರ್ಪಟ್ಟವು. ಆ ಪ್ರಾಧಿಕಾರದವರ 2020ರ ನಿಯಮಗಳಂತೆ, ಪೊಟ್ಟಣದ ಮೇಲೆ 100 ಗ್ರಾಮಿನಲ್ಲಿ ಎಷ್ಟು ಶಕ್ತಿ, ಪ್ರೋಟೀನು, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಮೇಲಿನಿಂದ ಸೇರಿಸಿದ ಸಕ್ಕರೆ, ಕೊಬ್ಬು, ಸೋಡಿಯಂ ಎಂಬುದನ್ನು ಬರೆಯಬೇಕು. ವಯಸ್ಕನೊಬ್ಬನಿಗೆ ದಿನಕ್ಕೆ 2000 ಕಿಲೊಕ್ಯಾಲೊರಿ, ಸೇರಿಸಿದ ಸಕ್ಕರೆ 50 ಗ್ರಾಮು, ಸೋಡಿಯಂ 2000 ಮಿಲಿಗ್ರಾಮು ಎಂದು ಮಿತಿಯನ್ನು ಹಿಡಿದು, ಒಂದು ಸಲ ತಿನ್ನುವ ಪ್ರಮಾಣದಲ್ಲಿ ಅದರ ನೂರಕ್ಕೆಷ್ಟು ಪಾಲು ಬರುವುದೆಂಬುದನ್ನೂ ತಿಳಿಸಬೇಕು. ಇದೇನೂ ಅಲ್ಪವಲ್ಲ. ಈ ಅಂಕಿಗಳಿಗಿಂತಲೂ ಉಪಯುಕ್ತವಾದುದು, ಅವುಗಳ ಪಕ್ಕದಲ್ಲಿ ಒತ್ತೊತ್ತಾಗಿ ಅಚ್ಚಾಗಿರುವ ಸಾಮಗ್ರಿಗಳ ಪಟ್ಟಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆದು, ಕಡಿಮೆಯಾದುದನ್ನು ಕೆಳಗೆ ಬರೆಯತಕ್ಕದ್ದೆಂದು ನಿಯಮ. ಮುಖದ ಮೇಲೆ ಗೋಧಿಯ ತೆನೆ, ಜೋಳ, ಓಟ್ಸುಗಳ ಚಿತ್ರವನ್ನು ಬರೆದು ಬಹುಧಾನ್ಯದ ಬಿಸ್ಕತ್ತೆಂದು ಹೊಗಳಿಕೊಳ್ಳುವ ಪೊಟ್ಟಣವನ್ನು ತಿರುಗಿಸಿ ನೋಡಿದರೆ, ಎಷ್ಟೋ ಸಲ ಮೊದಲು ಮೈದಾ, ಅನಂತರ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಧಾನ್ಯಗಳೆಲ್ಲವೂ ಕಡೆಯ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತಿರುವುವು. ಮುಖದ ಸುಳ್ಳನ್ನು ಬೆನ್ನು ಬಯಲಿಗೆಳೆಯುವ ಈ ಒಂದು ಉಪಕಾರಕ್ಕಾಗಿಯೇ ಲೇಬಲಿಗೆ ಕೃತಜ್ಞರಾಗಿರಬೇಕು.

ಆದರೆ ಅದು ಕೇಳಿದಷ್ಟನ್ನೇ ಹೇಳುವುದು. ಇದಕ್ಕೆ ವನಸ್ಪತಿಯ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. ದ್ರವವಾದ ಎಣ್ಣೆಗೆ ಜಲಜನಕವನ್ನು ಹಾಯಿಸಿ ತುಪ್ಪದಂತೆ ಗಟ್ಟಿಮಾಡಿದ ಈ ಪದಾರ್ಥವು 1930ರ ದಶಕದಲ್ಲಿ ಈ ದೇಶದ ಅಡುಗೆಮನೆಗಳನ್ನು ಹೊಕ್ಕಿತು. 1940ರ ದಶಕದಲ್ಲಿ ಅದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. ಗಾಂಧೀಜಿಯವರೂ ಅದನ್ನು ಖಂಡಿಸಿದರು. ಆದರೆ ಅಂದಿನ ಮುಖ್ಯವಾದ ಭಯವು ಅದನ್ನು ತುಪ್ಪಕ್ಕೆ ಬೆರೆಸಿ ಮೋಸಮಾಡುವರೆಂಬುದು. ಆದುದರಿಂದಲೇ ಪರೀಕ್ಷೆಯಲ್ಲಿ ಸಿಕ್ಕಿಬೀಳುವಂತೆ ಅದಕ್ಕೆ ನೂರಕ್ಕೆ 5ರಷ್ಟು ಎಳ್ಳೆಣ್ಣೆಯನ್ನು ಸೇರಿಸತಕ್ಕದ್ದೆಂದು ನಿಯಮವಾಯಿತು. ಎಣ್ಣೆಯನ್ನು ಅರ್ಧಂಬರ್ಧ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುವುದೆಂಬುದನ್ನು ಹಾಲೆಂಡಿನ ಇಬ್ಬರು ವಿಜ್ಞಾನಿಗಳು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು 1990ರಲ್ಲಿ. ಅಮೆರಿಕದಲ್ಲಿ ಅದನ್ನು ಲೇಬಲಿನ ಮೇಲೆ ಬರೆಯುವುದು ಕಡ್ಡಾಯವಾದದ್ದು 2006ರಲ್ಲಿ. ಅಲ್ಲಿಯವರೆಗೆ ಎರಡು ಮೂರು ತಲೆಮಾರಿನವರು ಹಬ್ಬದ ಹೋಳಿಗೆಗೂ ಮದುವೆಯ ಲಾಡುವಿಗೂ ಅದನ್ನು ಬಳಸಿದರು. ಅಂದಿನ ಡಬ್ಬಿಯ ಮೇಲೆ ಬರೆದಿದ್ದುದು ಸುಳ್ಳಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಈ ಕಥೆಗೆ ಉತ್ತರಾರ್ಧವೂ ಉಂಟು. ಆ ಕೊಬ್ಬಿನ ಪಿಡುಗು ಈ ದೇಶದಲ್ಲಿ ತಗ್ಗಿದ್ದು ಜನರು ಲೇಬಲನ್ನು ಓದಿ ಎಚ್ಚತ್ತುದರಿಂದಲ್ಲ. ಎಣ್ಣೆ ವನಸ್ಪತಿಗಳಲ್ಲಿ ಅದು ನೂರಕ್ಕೆ 3ನ್ನು ಮೀರಕೂಡದೆಂದು 2021ರ ಜನವರಿಯಿಂದಲೂ, 2ನ್ನು ಮೀರಕೂಡದೆಂದು 2022ರ ಜನವರಿಯಿಂದಲೂ ಸರ್ಕಾರವು ಕಟ್ಟುಮಾಡಿತು. ‘ಬರೆದು ಹಾಕು’ ಎಂಬುದಕ್ಕೂ ‘ಹಾಕಬೇಡ’ ಎಂಬುದಕ್ಕೂ ಇರುವ ಅಂತರವಿದು. ಎಲ್ಲಿ ‘ಹಾಕಬೇಡ’ ಎನ್ನಬೇಕೋ ಅಲ್ಲಿ ‘ಬರೆದು ಹಾಕು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಆಡಳಿತವು, ಬಾವಿಗೆ ಕಟ್ಟೆಯನ್ನು ಕಟ್ಟಿಸದೆ ‘ಇಲ್ಲಿ ಬಾವಿಯಿದೆ’ ಎಂಬ ಹಲಗೆಯನ್ನು ನೆಟ್ಟವನಂತೆ ನಡೆದುಕೊಂಡಂತಾಗುವುದು.

ಈಗ ಮಾರುವವನ ವಾದಕ್ಕೆ ಬರಬಹುದು. ನೈಯಾಯಿಕರು ಪ್ರಮಾಣಗಳನ್ನು ನಾಲ್ಕೆಂದು ಎಣಿಸಿ, ಶಬ್ದವನ್ನು ಅವುಗಳಲ್ಲೊಂದಾಗಿ ಒಪ್ಪಿಕೊಂಡಿರುವರು. ಆದರೆ ಯಾರು ಆಡಿದರೂ ಮಾತು ಪ್ರಮಾಣವಾಗದು. ಆಪ್ತನ ಮಾತು ಮಾತ್ರವೇ ಪ್ರಮಾಣ. ಆಪ್ತನೆಂದರೆ ನಂಟನೆಂದು ಅರ್ಥವಲ್ಲ. ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯೂ ಇರಬೇಕು. ತಯಾರಿಸಿದವನಿಗೆ ಮೊದಲನೆಯ ಲಕ್ಷಣವು ಪೂರ್ಣವಾಗಿ ಒಪ್ಪುತ್ತದೆ. ಪೊಟ್ಟಣದೊಳಗೆ ಏನಿದೆಯೆಂದು ಅವನಷ್ಟು ಬಲ್ಲವರಿಲ್ಲ. ಎರಡನೆಯದು ಕಾನೂನಿನ ಬೆತ್ತ ಮುಟ್ಟುವಷ್ಟು ದೂರ ಮಾತ್ರ ಇರುವುದು. ಇದಕ್ಕೆ ಸಾಕ್ಷಿ ಬೇಕಾದವರು ಪೊಟ್ಟಣದ ಮುಖವನ್ನೂ ಬೆನ್ನನ್ನೂ ಒಟ್ಟಿಗೆ ಓದಲಿ. ಮುಖದ ಮೇಲೆ ಅಂಗುಲದುದ್ದದ ಬಣ್ಣದ ಅಕ್ಷರ. ಬೆನ್ನಿನ ಮೇಲೆ ಸಾಸಿವೆಯಷ್ಟು ಅಕ್ಷರ, ಅದೂ ಬೆಳ್ಳಿಯ ಹೊಳಪಿನ ಮೇಲೆ ಬಿಳಿಯ ಮಸಿಯಲ್ಲಿ, ಅಂಟಿಸಿದ ಅಂಚಿನ ಮಡಿಕೆಯೊಳಗೆ. ತಿಳಿಸಬೇಕೆಂಬ ಇಚ್ಛೆಯುಳ್ಳವನು ಹೀಗೆ ಬರೆಯುವನೆ?

ಮುಖದ ಮೇಲಿನ ಹೊಗಳಿಕೆಗೆ ಸರ್ಕಾರವೇ ಆಗಾಗ ಕಡಿವಾಣ ಹಾಕಬೇಕಾಗಿ ಬಂದಿದೆ. 2024ರ ಏಪ್ರಿಲಿನಲ್ಲಿ, ಹಾಲಿಗೆ ಬೆರೆಸಿ ಕುಡಿಯುವ ಮಾಲ್ಟಿನ ಪುಡಿಗಳನ್ನು ಆರೋಗ್ಯಪೇಯಗಳೆಂಬ ತಲೆಬರಹದ ಕೆಳಗೆ ಮಾರಕೂಡದೆಂದು ಅಂತರಜಾಲದ ಅಂಗಡಿಗಳಿಗೆ ಪ್ರಾಧಿಕಾರವು ತಿಳಿಸಿತು. ಆರೋಗ್ಯಪೇಯವೆಂಬ ಒಂದು ವರ್ಗವೇ ಕಾಯಿದೆಯಲ್ಲಿ ಇಲ್ಲ. ಅದೇ ವರ್ಷದ ಜೂನಿನಲ್ಲಿ, ಗಟ್ಟಿರಸಕ್ಕೆ ನೀರು ಬೆರೆಸಿ ಮಾಡಿದ ಹಣ್ಣಿನ ಪಾನಕವನ್ನು ನೂರಕ್ಕೆ ನೂರು ಹಣ್ಣಿನ ರಸವೆಂದು ಹೇಳಿಕೊಳ್ಳುವುದನ್ನು ನಿಲ್ಲಿಸುವಂತೆ ಆಜ್ಞೆಯಾಯಿತು. ಅಷ್ಟು ವರ್ಷಗಳೂ ಅದನ್ನು ನಂಬಿ ಕಾಯಿಲೆಯವರಿಗೆ ಕುಡಿಸಿದವರು ಓದದವರೇನೂ ಅಲ್ಲ; ಚೆನ್ನಾಗಿ ಓದಿದವರೇ.

ಒಂದು ಸಲ ತಿನ್ನುವ ಪ್ರಮಾಣವೆಂಬುದು ಇನ್ನೊಂದು ಚಮತ್ಕಾರ. ಅದನ್ನು ಗೊತ್ತುಮಾಡುವವನು ತಿನ್ನುವವನಲ್ಲ, ತಯಾರಿಸಿದವನು. 100 ಗ್ರಾಮಿನಲ್ಲಿ 25 ಗ್ರಾಮು ಸಕ್ಕರೆಯಿರುವ ಒಂದು ಬಿಸ್ಕತ್ತನ್ನು ಭಾವಿಸಿಕೊಳ್ಳಬಹುದು. ಬಿಸ್ಕತ್ತೊಂದರ ತೂಕ 6 ಗ್ರಾಮು. ತಿನ್ನುವ ಪ್ರಮಾಣ ಎರಡು ಬಿಸ್ಕತ್ತೆಂದು ಬರೆದರೆ ಸಕ್ಕರೆ 3 ಗ್ರಾಮು, ದಿನದ ಮಿತಿಯಲ್ಲಿ ನೂರಕ್ಕೆ 6 ಪಾಲು ಮಾತ್ರ. ನೋಡಿದವರಿಗೆ ‘ಇಷ್ಟೇಯೆ’ ಎನ್ನಿಸುವುದು ಸಹಜ. ಆದರೆ ಸಂಜೆಯ ಕಾಫಿಯ ಹೊತ್ತಿನಲ್ಲಿ ಎರಡೇ ಬಿಸ್ಕತ್ತಿಗೆ ಕೈಯನ್ನು ಹಿಂದಕ್ಕೆಳೆದುಕೊಳ್ಳುವ ಜಿತೇಂದ್ರಿಯರು ಊರಿಗೆ ಎಷ್ಟು ಮಂದಿ? ಆರು ತಿಂದರೆ 9 ಗ್ರಾಮು, ಎಂದರೆ ನೂರಕ್ಕೆ 18. ಬೆಳಿಗ್ಗೆ ಒಂದು ಸಂಜೆ ಒಂದು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆಯೆಂದರೆ ಇನ್ನೂ ಸುಮಾರು 20 ಗ್ರಾಮು. ಊಟ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸೋಡಿಯಮ್ಮಿನ ಕಥೆಯೂ ಹೀಗೆಯೇ. 400 ಮಿಲಿಗ್ರಾಮು ಸೋಡಿಯಂ ಎಂದರೆ 1 ಗ್ರಾಮು ಉಪ್ಪು. 2000 ಎಂದರೆ 5 ಗ್ರಾಮು, ದಿನಕ್ಕೆ ಅಷ್ಟೇ ಮಿತಿ. ಇದನ್ನು ಬಲ್ಲವನಿಗೆ ಲೆಕ್ಕ ಸುಲಭ, ಬಲ್ಲದವನಿಗೆ ಅದು ರಸಾಯನಶಾಸ್ತ್ರ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ‘ಉಪ್ಪು’ ಎಂದೇ ಬರೆಯತಕ್ಕದ್ದೆಂದು ನಿಯಮವಿದೆ. ಉಪ್ಪನ್ನು ಉಪ್ಪೆಂದು ಕರೆಯುವುದಕ್ಕೆ ಇಲ್ಲಿ ಏನು ಅಡ್ಡಿಯೋ ತಿಳಿಯದು.

ಇದಕ್ಕೆ ವ್ಯತಿರಿಕ್ತವಾಗಿ, ಹೆದರಬೇಕಿಲ್ಲದ ಕಡೆ ಜನರು ಹೆದರುವುದೂ ಉಂಟು. ಐಎನ್‌ಎಸ್ 330 ಎಂಬ ಅಂಕಿಯನ್ನು ಕಂಡು ವಿಷವೆಂದು ಪೊಟ್ಟಣವನ್ನು ಬಿಸುಟವರಿದ್ದಾರೆ; ಅದು ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲವೇ ಆಗಿದೆ. 500ರ ಎರಡನೆಯ ಬಗೆಯೆಂದರೆ ಬೋಂಡದ ಹಿಟ್ಟಿಗೆ ಹಾಕುವ ಅಡುಗೆಸೋಡ. ಅದೇ ಪಟ್ಟಿಯಲ್ಲಿ ದ್ರವರೂಪದ ಗ್ಲೂಕೋಸು, ಇನ್‌ವರ್ಟ್ ಸಿರಪ್ಪು, ಡೆಕ್ಸ್‌ಟ್ರೋಸು ಎಂದು ಸಕ್ಕರೆಯು ವೇಷಾಂತರದಲ್ಲಿ ಮೂರು ಸಲ ಹಾದುಹೋದರೂ ಯಾರೂ ತಡೆದು ಕೇಳುವುದಿಲ್ಲ. ಇನ್ನು ‘ಬೆಲ್ಲದಿಂದ ಮಾಡಿದ್ದು’ ಎಂದು ಮುಖದ ಮೇಲೆ ಬರೆದುಬಿಟ್ಟರೆ ಕೊಳ್ಳುವವರಿಗೆ ಪುಣ್ಯವೇ ಬಂದಂತೆ. ಬೆಲ್ಲವೂ ಬಹುಮಟ್ಟಿಗೆ ಸಕ್ಕರೆಯೇ ಎಂಬುದು ಕಬ್ಬಿನ ಸೀಮೆಯವರಿಗೂ ಮರೆತುಹೋಗಿದೆ.

ಇಷ್ಟೂ ಓದಬಲ್ಲವರ ಪಾಡು. ಓದಲಾರದವರ ವಿಷಯವೇನು? ಇಲ್ಲಿ ಓದಲಾರದವರೆಂದರೆ ಅನಕ್ಷರಸ್ಥರೆಂದು ಭಾವಿಸಕೂಡದು. ಜೈಮಿನಿ ಭಾರತದ ಸಂಧಿಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ, ದಿನಪತ್ರಿಕೆಯನ್ನು ಮೊದಲಿನಿಂದ ಕಡೆಯವರೆಗೆ ಓದಿ ಮಡಿಸಿಡುವ, ಮನೆಯ ಲೆಕ್ಕವನ್ನು ನಲವತ್ತು ವರ್ಷ ತಪ್ಪಿಲ್ಲದೆ ಬರೆದ ಮುತ್ತೈದೆಯೊಬ್ಬರಿಗೆ ಅರವತ್ತೈದನೆಯ ವಯಸ್ಸಿನಲ್ಲಿ ಸಕ್ಕರೆಕಾಯಿಲೆ ಬಂದಿತೆಂದು ಇಟ್ಟುಕೊಳ್ಳಬಹುದು. ಅಂಥವರೇನೂ ಅಪರೂಪವಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಂತೆ ಈ ದೇಶದಲ್ಲಿ ಸಕ್ಕರೆಕಾಯಿಲೆಯವರು 10 ಕೋಟಿಗೂ ಮೇಲೆ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಮೇಲೆ. ಆಕೆಯು ಅಂಗಡಿಗೆ ಹೋಗಿ “ಸಕ್ಕರೆ ಇಲ್ಲದ ಬಿಸ್ಕತ್ತು ಯಾವುದಾದರೂ ಇದೆಯೇನಪ್ಪ?” ಎಂದು ಕೇಳಿದರೆ, “ಇದು ತೊಗೊಳ್ಳಿ ಅಮ್ಮ, ಸಕ್ಕರೆಯವರೆಲ್ಲ ಇದನ್ನೇ ತೊಗೊಳ್ಳೋದು” ಎಂದು ಅಂಗಡಿಯವನು ಹಸಿರು ಪೊಟ್ಟಣವೊಂದನ್ನು ಕೊಡುವನು. ಅವನೇನೂ ಮೋಸಗಾರನಲ್ಲ, ಮುಖದ ಮೇಲೆ ಹಾಗೆ ಬರೆದಿದೆ, ಬರೆದದ್ದು ನಿಜವೂ ಆಗಿದೆ. 100 ಗ್ರಾಮಿನಲ್ಲಿ ಅರ್ಧ ಗ್ರಾಮಿಗೆ ಮೀರದಿದ್ದರೆ ಸಕ್ಕರೆರಹಿತವೆಂದು ಹೇಳಿಕೊಳ್ಳಲು ನಿಯಮವು ಅವಕಾಶ ಕೊಡುತ್ತದೆ. ಆದರೆ ಬಿಸ್ಕತ್ತು ಆಗಿರುವುದು ಮೈದಾದಿಂದ. ಮೈದಾವು ಹೊಟ್ಟೆಯೊಳಗೆ ಕರಗಿ ಗ್ಲೂಕೋಸಾಗುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಅದರ ಸುದ್ದಿ ಬೆನ್ನಿನ ಮೇಲೆ, ಶರ್ಕರಪಿಷ್ಟದ ಸಾಲಿನಲ್ಲಿ, ಇಂಗ್ಲಿಷಿನಲ್ಲಿದೆ. ಸಕ್ಕರೆ ಇಲ್ಲವೆಂಬ ಧೈರ್ಯದ ಮೇಲೆ ಆಕೆ ದಿನಕ್ಕೆ ಎಂಟು ತಿನ್ನುವರು. ಮುಂದಿನ ತಿಂಗಳ ರಕ್ತಪರೀಕ್ಷೆಯಲ್ಲಿ ಅಂಕಿ ಏರಿದಾಗ “ಬಾಯಿ ಕಟ್ಟುವುದಿಲ್ಲ” ಎಂಬ ಮಾತನ್ನು ಸೊಸೆಯಿಂದಲೂ ವೈದ್ಯರಿಂದಲೂ ಕೇಳಬೇಕಾಗುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರ ಮೇ ತಿಂಗಳಲ್ಲಿ ಹೊರತಂದ ಆಹಾರಸೂತ್ರಗಳಲ್ಲಿ, ಸಕ್ಕರೆರಹಿತವೆಂಬ ಪದಾರ್ಥಗಳಲ್ಲಿ ಕೊಬ್ಬೂ ನುಣ್ಣಗೆ ಬೀಸಿದ ಹಿಟ್ಟೂ ತುಂಬಿರಬಹುದೆಂದು ಎಚ್ಚರಿಸಿದರು. ಆ ಎಚ್ಚರಿಕೆಯಾದರೂ ಆಕೆಯ ಕಿವಿಗೆ ಬಿದ್ದಿರಲಾರದು.

ಆಕೆ ಓದಲಿಲ್ಲವೆಂಬುದು ತಪ್ಪೋ, ಓದಬಲ್ಲ ಅಕ್ಷರದಲ್ಲಿ ಬರೆಯಲಿಲ್ಲವೆಂಬುದು ತಪ್ಪೋ? 2020ರ ನಿಯಮಗಳು ಸ್ಪಷ್ಟವಾಗಿವೆ: ಬರೆಯಬೇಕಾದ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿಯ ಹಿಂದಿಯಲ್ಲಿ ಇರತಕ್ಕದ್ದು, ಜೊತೆಗೆ ಬೇರೆ ಭಾಷೆಯನ್ನೂ ಬಳಸಬಹುದು. ‘ಬಹುದು’ ಎಂಬ ಕ್ರಿಯಾಪದದ ಬಲವೆಷ್ಟೆಂಬುದನ್ನು ವ್ಯಾಕರಣ ಬಲ್ಲವರಿಗೆ ಹೇಳಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ಸುಮಾರು 4 ಕೋಟಿ 37 ಲಕ್ಷ. ಕೆನಡಾ ದೇಶದಲ್ಲಿ ಫ್ರೆಂಚನ್ನು ತಾಯ್ನುಡಿಯಾಗಿ ಉಳ್ಳವರು ಒಂದು ಕೋಟಿಗೂ ಕಡಿಮೆ. ಅಲ್ಲಿ ಪ್ರತಿಯೊಂದು ಪೊಟ್ಟಣದ ಪೋಷಕಾಂಶದ ಪಟ್ಟಿಯೂ ಇಂಗ್ಲಿಷು ಫ್ರೆಂಚುಗಳೆರಡರಲ್ಲಿಯೂ ಇರಲೇಬೇಕು. ಅರಬ್ಬೀ ಕೊಲ್ಲಿಯ ದೇಶಗಳಿಗೆ ಸಾಗಿಸುವ ಮಾಲಿನ ಮೇಲೆ ಅರಬ್ಬಿಯನ್ನು ಅಚ್ಚುಹಾಕುವುದಕ್ಕೆ ಇಲ್ಲಿನ ತಯಾರಕರಿಗೆ ಯಾವ ತೊಂದರೆಯೂ ಇಲ್ಲ. ಖರ್ಚು ಹೆಚ್ಚಾಗುವುದು, ಜಾಗ ಸಾಲದು ಎಂಬ ನೆವಗಳೆಲ್ಲ ತುಂಗಭದ್ರೆಯ ದಡಕ್ಕೆ ಬಂದಾಗ ಮಾತ್ರ ನೆನಪಾಗುವಂತೆ ತೋರುತ್ತದೆ. ಅದೇ ತಿಂಡಿಯನ್ನು ಕೊಳ್ಳಿರೆಂದು ದೂರದರ್ಶನದ ಪೆಟ್ಟಿಗೆಯಲ್ಲಿಯೂ ಬೀದಿಯ ಫಲಕದ ಮೇಲೆಯೂ ಕರೆಯುವಾಗ ಕನ್ನಡವು ಅಡ್ಡಬರುವುದಿಲ್ಲ. ಕನ್ನಡದ ನಟರೇ ಬಂದು ಅಪ್ಪಟ ಕನ್ನಡದಲ್ಲಿ ಕರೆಯುವರು. ಕರೆಯುವಾಗ ಕನ್ನಡ, ಒಳಗಿರುವುದೇನೆಂದು ಹೇಳುವಾಗ ಇಂಗ್ಲಿಷು.

ಕನ್ನಡದಲ್ಲಿ ಇದಕ್ಕೆಲ್ಲ ಶಬ್ದಗಳಿಲ್ಲವೆಂಬ ಮಾತನ್ನು ಆಡುವವರು ಕನ್ನಡಿಗರಲ್ಲಿಯೇ ಇರುವರೆಂಬುದು ನಾಚಿಕೆಯ ಸಂಗತಿ. 16ನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಅಡುಗೆಯ ವಿಷಯವಾಗಿ ಸೂಪಶಾಸ್ತ್ರವೆಂಬ ಗ್ರಂಥವನ್ನೇ ಈ ಭಾಷೆಯಲ್ಲಿ ಬರೆದಿರುವನು. ಆಹಾರವಿಜ್ಞಾನದ ದೊಡ್ಡ ಸಂಶೋಧನಾಲಯವೊಂದು 1950ರಿಂದ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿಯೇ ಕೆಲಸಮಾಡುತ್ತಿದೆ. ಸಕ್ಕರೆ, ಉಪ್ಪು, ಕೊಬ್ಬು, ಹಿಟ್ಟು ಇವುಗಳಿಗೆ ಪಂಡಿತರ ಸಮಿತಿ ಕೂಡಬೇಕಾಗಿಯೂ ಇಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರನ್ನೂ ಬಳಸುವ ಕ್ರಮವನ್ನೂ ಕನ್ನಡದಲ್ಲಿ ಅಚ್ಚುಮಾಡತಕ್ಕದ್ದೆಂದು ತಿಳಿಸಿತು. ಸಂತೋಷ. ಆದರೆ ಹೆಸರನ್ನು ಓದಿದ ಮಾತ್ರಕ್ಕೆ ಒಳಗಿನ ಉಪ್ಪು ತಿಳಿಯುವುದಿಲ್ಲ. ಹೊರಗಿನಿಂದ ಬರುವ ಮಾಲಿಗೆ ಆ ಮಾತು ತಟ್ಟುವುದೂ ಇಲ್ಲ.

ಇನ್ನು ಮಕ್ಕಳ ಪಾಲಿನದು. ಮೈಯಳತೆಯು 100 ಚದರ ಸೆಂಟಿಮೀಟರಿಗೆ ಮೀರದ ಪೊಟ್ಟಣಗಳಿಗೆ ಸಾಮಗ್ರಿಗಳ ಪಟ್ಟಿಯಿಂದಲೂ ಪೋಷಕಾಂಶಗಳ ಪಟ್ಟಿಯಿಂದಲೂ ವಿನಾಯಿತಿಯಿದೆ. ಅವುಗಳನ್ನು ತುಂಬಿದ ದೊಡ್ಡ ಪೆಟ್ಟಿಗೆಯ ಮೇಲೆ ಬರೆದರೆ ಸಾಕು. ಆ ಪೆಟ್ಟಿಗೆಯು ಅಂಗಡಿಯವನ ಗಲ್ಲಾದ ಹಿಂದೆ ಇರುವುದು. ಶಾಲೆಯ ಗಂಟೆ ಹೊಡೆದ ಕೂಡಲೆ ರೂಪಾಯಿ ಹಿಡಿದು ಓಡುವ ಹುಡುಗನ ಕೈಗೆ ಬರುವುದು ಒಂದು ಮಿಠಾಯಿ, ಅದರ ಸುತ್ತ ಬಣ್ಣದ ಕಾಗದ. ನಾಡಿನ ಅತ್ಯಂತ ಚಿಕ್ಕ ಗಿರಾಕಿಯು ಕೊಳ್ಳುವ ವಸ್ತುವಿನ ಮೇಲೆಯೇ ಹೀಗೆ ಏನನ್ನೂ ಬರೆಯಬೇಕಾಗಿಲ್ಲ.

ಲೇಬಲಿನ ಮೇಲೆ ಹೊರಿಸಬಾರದ ಭಾರವೂ ಒಂದಿದೆಯೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರದ ಹಿತಾಹಿತಗಳನ್ನು ನಿರ್ಣಯಿಸುವುದಕ್ಕೆ ಎಂಟು ಸಂಗತಿಗಳನ್ನು ಎಣಿಸಿದೆ: ಪದಾರ್ಥದ ಪ್ರಕೃತಿ, ಅದಕ್ಕೆ ಮಾಡಿದ ಸಂಸ್ಕಾರ, ಇತರ ಪದಾರ್ಥಗಳೊಡನೆ ಸಂಯೋಗ, ರಾಶಿ, ದೇಶ, ಕಾಲ, ಉಣ್ಣುವ ಕ್ರಮ, ಕಡೆಯದಾಗಿ ಉಣ್ಣುವವನು. ಪೊಟ್ಟಣದ ಮೇಲಿನ ಬರಹವು ಇವುಗಳಲ್ಲಿ ಪ್ರಕೃತಿಯನ್ನೂ ರಾಶಿಯನ್ನೂ ಅಷ್ಟಿಷ್ಟು ಹೇಳಬಲ್ಲದು. ಹೊಲದಲ್ಲಿ ದಿನವಿಡೀ ದುಡಿದವನಿಗೂ ಕುರ್ಚಿಯಲ್ಲಿ ದಿನವಿಡೀ ಕುಳಿತವನಿಗೂ ಅದು ಹೇಳುವ ಮಾತು ಒಂದೇ, 2000 ಕಿಲೊಕ್ಯಾಲೊರಿ. ಮೂತ್ರಪಿಂಡದ ರೋಗಿಯನ್ನೂ ಬಸುರಿಯನ್ನೂ ಅದು ಅರಿಯದು. ರಾತ್ರಿ ಹನ್ನೊಂದಕ್ಕೆ ಚಿತ್ರಪಟವನ್ನು ನೋಡುತ್ತ ಒಬ್ಬನೇ ತಿಂದದ್ದೋ, ಹಸಿವಾದಾಗ ನಾಲ್ವರು ಹಂಚಿಕೊಂಡು ತಿಂದದ್ದೋ ಅದಕ್ಕೆ ಗೊತ್ತಾಗದು. ಸೊಪ್ಪು, ಬಾಳೆಹಣ್ಣು, ಮುದ್ದೆ, ಮಜ್ಜಿಗೆಗಳ ಮೇಲೆ ಲೇಬಲೇ ಇಲ್ಲ. ಅಂಕಿಗಳಿರುವ ಆಹಾರವೇ ಶಾಸ್ತ್ರೀಯವಾದುದು, ಅಂಕಿಗಳಿಲ್ಲದ್ದು ಹಳ್ಳಿಗಾಡಿನದು ಎಂಬ ಭ್ರಮೆಗೆ ಬಿದ್ದವರು ಮನೆಯ ಹುರಿಹಿಟ್ಟನ್ನು ಬಿಟ್ಟು ಡಬ್ಬಿಯ ಪುಡಿಯನ್ನು ಮಗುವಿಗೆ ಕಲಸಿಕೊಡುವುದನ್ನು ಯಾವ ಊರಿನಲ್ಲಿಯೂ ನೋಡಬಹುದು. ಇದು ಲೇಬಲಿನ ದೋಷವಲ್ಲ. ಅದನ್ನು ವೇದವಾಕ್ಯವೆಂದವರ ದೋಷ.

ಬೆನ್ನಿನ ಬರಹವನ್ನು ಮುಖಕ್ಕೆ ತರಬೇಕೆಂಬ ಪ್ರಯತ್ನಗಳು ನಡೆದೇ ಇವೆ. ದಕ್ಷಿಣ ಅಮೆರಿಕದ ಚಿಲಿ ದೇಶದವರು 2016ರಿಂದ, ಸಕ್ಕರೆಯೋ ಸೋಡಿಯಮ್ಮೋ ಕೆಟ್ಟ ಕೊಬ್ಬೋ ಕ್ಯಾಲೊರಿಯೋ ಮಿತಿಮೀರಿದ ಪೊಟ್ಟಣದ ಮುಖದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆಯನ್ನು ಒತ್ತಿಸಿ, ಒಳಗೆ ‘ಇಂಥದು ಅಧಿಕ’ ಎಂದು ತಮ್ಮ ಭಾಷೆಯಲ್ಲಿಯೇ ಬರೆಯಿಸಿದರು. ಮುದ್ರೆ ಬಿದ್ದದ್ದನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಅನಂತರ ಅಂಥ ಸಿಹಿಪಾನೀಯಗಳ ಕೊಳ್ಳುವಿಕೆಯು ಸುಮಾರು ನಾಲ್ಕನೆಯ ಒಂದು ಪಾಲು ಇಳಿಯಿತೆಂದು ವಿದ್ವಾಂಸರು ಲೆಕ್ಕಹಾಕಿದರು. ಇಲ್ಲಿ 2022ರ ಸೆಪ್ಟೆಂಬರಿನಲ್ಲಿ ಹೊರಟ ಕರಡು ಯೋಜನೆಯಾದರೋ ಮುದ್ರೆಯನ್ನು ಬಿಟ್ಟು ನಕ್ಷತ್ರಗಳನ್ನು ಹಿಡಿದಿತು: ಅರ್ಧದಿಂದ ಐದರವರೆಗೆ. ಅದರಲ್ಲಿ ಸಕ್ಕರೆ ಉಪ್ಪುಗಳಿಗೆ ಅಂಕಗಳನ್ನು ಕಳೆದು, ಹಣ್ಣು ಬೀಜ ನಾರುಗಳಿಗೆ ಅಂಕಗಳನ್ನು ಕೂಡಿಸುವ ಲೆಕ್ಕ. ಹಿಮಾಲಯದ ಮಂಜನ್ನು ಕ್ಷಮಿಸಿದ ಕಾಳಿದಾಸನ ನ್ಯಾಯವನ್ನು ಬಿಸ್ಕತ್ತಿಗೆ ಅನ್ವಯಿಸಿದಂತಾಯಿತು ಇದು. ನಾಲ್ಕು ಗೋಡಂಬಿ ಬಿದ್ದ ಮಾತ್ರಕ್ಕೆ ಸಕ್ಕರೆಯು ರಕ್ತಕ್ಕೆ ಇಳಿಯದೆ ನಿಲ್ಲುವುದಿಲ್ಲ. ಅದೂ ಅಲ್ಲದೆ ನಕ್ಷತ್ರವೆಂದರೆ ಜನರ ಮನಸ್ಸಿನಲ್ಲಿ ಹೊಗಳಿಕೆಯ ಗುರುತು. ಒಂದೇ ನಕ್ಷತ್ರವಿದ್ದರೂ ಒಂದಾದರೂ ಇದೆಯಲ್ಲ ಎಂದು ತೋರುವುದು. 2024ರ ಜುಲೈಯಲ್ಲಿ ಸಕ್ಕರೆ, ಉಪ್ಪು, ಕೊಬ್ಬುಗಳ ಪಾಲನ್ನು ದಪ್ಪ ಅಕ್ಷರದಲ್ಲಿ ಬರೆಯಿಸುವ ಸಲಹೆಯೊಂದು ಬಂದಿತು. ಮುಖದ ಮೇಲಿನ ಎಚ್ಚರಿಕೆಯ ವಿಷಯದಲ್ಲಿ ಮೂರು ತಿಂಗಳೊಳಗೆ ತಜ್ಞರ ಸಮಿತಿಯು ಶಿಫಾರಸನ್ನು ಕೊಡಲೆಂದು 2025ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಜುಲೈಯಲ್ಲಿ ಇನ್ನೂ ಮೂರು ತಿಂಗಳ ಅವಧಿಯನ್ನು ಕೊಟ್ಟಿತು. ದಪ್ಪ ಅಕ್ಷರವಾಗಲಿ ತೆಳ್ಳನೆಯ ಅಕ್ಷರವಾಗಲಿ, ಅದು ಯಾವ ಭಾಷೆಯದೆಂಬ ಪ್ರಶ್ನೆ ಮಾತ್ರ ಈ ಚರ್ಚೆಗಳಲ್ಲಿ ಮೂಲೆಗೆ ಬಿದ್ದೇ ಇದೆ.

ಸರ್ಕಾರಕ್ಕೆ ಇಂಥದು ಸಾಧ್ಯವೇ ಇಲ್ಲವೆನ್ನುವವರು 1992ರ ಶಿಶು ಆಹಾರದ ಕಾಯಿದೆಯನ್ನು ನೋಡಬೇಕು. ಹಸುಗೂಸಿನ ಹಾಲಿನ ಪುಡಿಯ ಡಬ್ಬಿಯ ಮೇಲೆ, ತಾಯಿಯ ಹಾಲೇ ಮಗುವಿಗೆ ಶ್ರೇಷ್ಠವೆಂಬ ಮಾತನ್ನು ತಯಾರಿಸಿದವನ ಕೈಯಿಂದಲೇ ದೊಡ್ಡ ಅಕ್ಷರದಲ್ಲಿ ಬರೆಯಿಸಿದ ಕಾಯಿದೆಯದು. ಮುದ್ದಾದ ಮಗುವಿನ ಚಿತ್ರವನ್ನು ಹಾಕುವುದನ್ನೂ ಅದು ನಿಷೇಧಿಸಿತು. ವ್ಯಾಪಾರಿಯು ತನ್ನ ಮಾಲಿನ ಮುಖದ ಮೇಲೆ ತನ್ನ ಮಾಲಿಗಿಂತ ಉತ್ತಮವಾದುದು ಬೇರೊಂದುಂಟೆಂದು ಬರೆದು ಮಾರುತ್ತ ಬಂದಿದ್ದಾನೆ, ಅಂಗಡಿಗಳೇನೂ ಮುಚ್ಚಿಹೋಗಲಿಲ್ಲ.

ನಿಯಮವು ತಿದ್ದಿ ಬರುವವರೆಗೆ ಜಿಲ್ಲೆಯ ಸಾಹಿತ್ಯ ಸಂಘಗಳು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಶಾಸನಗಳನ್ನು ಓದಿಸಿ ಅರ್ಥ ಬಿಡಿಸುವ ಸಂಘಗಳಿಗೆ ಇದೂ ಒಂದು ಶಾಸನವೇ. ಅಂಗೈಯಗಲದ ರಟ್ಟೊಂದರ ಮೇಲೆ ಪೊಟ್ಟಣದ ಹತ್ತು ಇಂಗ್ಲಿಷು ಮಾತುಗಳನ್ನು ಅಲ್ಲಿರುವ ಅಕ್ಷರದ ಆಕಾರದಲ್ಲಿಯೇ ಅಚ್ಚುಮಾಡಿಸಿ, ಎದುರಿಗೆ ಸಕ್ಕರೆ, ಮೇಲಿನಿಂದ ಹಾಕಿದ ಸಕ್ಕರೆ, ಹಿಟ್ಟಿನ ಅಂಶ, ಉಪ್ಪಿನ ಅಂಶ, ಕೆಟ್ಟ ಕೊಬ್ಬು, ಒಂದು ಸಲಕ್ಕೆಂದು ಅವರು ಹೇಳುವ ಪ್ರಮಾಣ ಎಂದು ಕನ್ನಡದಲ್ಲಿ ಬರೆಯಿಸಿ, ಕೆಳಗೆ ‘ಸೋಡಿಯಂ 400 ಮಿಲಿಗ್ರಾಮಿಗೆ ಉಪ್ಪು 1 ಗ್ರಾಮು’ ಎಂಬ ಒಂದು ಸಾಲನ್ನು ಸೇರಿಸಿದರೆ ಆಯಿತು. ಅದಕ್ಕೊಂದು ದಾರವನ್ನು ಪೋಣಿಸಿ ಊರಿನ ಕಿರಾಣಿ ಅಂಗಡಿಗಳಲ್ಲಿ ತಕ್ಕಡಿಯ ಪಕ್ಕದ ಮೊಳೆಗೆ ತೂಗುಹಾಕಲು ಒಂದು ಭಾನುವಾರದ ಬೆಳಗು ಸಾಕಾಗುವುದು.